ಲಿಪಿ ಇಲ್ಲದ್ದು ಭಾಷೆಯಲ್ಲವೇ?

ಭಾಷೆ ಎಂದರೆ ಬಾಯಲ್ಲಿ ಆಡಿ ಕಿವಿಯಲ್ಲಿ ಕೇಳುವ ಮಾತಿನ ಕಟ್ಟು. ಲಿಪಿ ಎಂದರೆ ಆ ಮಾತನ್ನು ಕಣ್ಣಿಗೆ ಕಾಣಿಸುವ ಗುರುತುಗಳ ಏರ್ಪಾಡು. ವ್ಯಾಖ್ಯೆ ಇಷ್ಟೇ, ತಕರಾರಿಲ್ಲ. ಆದರೆ ಇದಕ್ಕೆ ತಲೆಯಾಡಿಸಿದವರೇ ಮರುಗಳಿಗೆ, "ತುಳುವಿಗೆ ಲಿಪಿ ಎಲ್ಲಿದೆ? ಮತ್ತೆ ಅದು ಭಾಷೆ ಹೇಗಾದೀತು?" ಎನ್ನುತ್ತಾರೆ. ಕಳಸ, ಮೂಡಿಗೆರೆಯ ಕಾಫಿ ಸೀಮೆಯಲ್ಲಿ ಈ ಮಾತು ಹೆಚ್ಚು ಕೇಳುತ್ತದೆ. ಘಟ್ಟ ಹತ್ತಿ ಬಂದ ತುಳು, ಕೊಂಕಣಿ, ಬ್ಯಾರಿ, ತೋಟದ ಕೆಲಸಕ್ಕೆ ಬಂದ ತಮಿಳು, ಇಲ್ಲಿಯದೇ ಮಲೆನಾಡ ಕನ್ನಡ ಇವೆಲ್ಲ ಇಲ್ಲಿ ಅಕ್ಕಪಕ್ಕ ಬಾಳುತ್ತವಲ್ಲ!

ಪದ ಬಂದ ದಾರಿ

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಅದನ್ನು ಬೆಳಕಿಗೆ ತಂದವರು ಬಿ. ಎಲ್. ರೈಸ್. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನು ತನ್ನ ಹೆಸರು ಹೇಳಿಕೊಂಡಿದ್ದಾನೆ: ಚಪಡ. ಆಮೇಲೆ 'ಲಿಪಿಕರೇಣ', ಅಂದರೆ 'ಲಿಪಿಕಾರನಿಂದ' ಎಂಬ ಒಂದು ಪದ. ಅದೊಂದನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ! ಖರೋಷ್ಠಿ ದೂರದ ಗಾಂಧಾರ ಸೀಮೆಯ ಲಿಪಿ. ನಮ್ಮ ನಾಡಿನಲ್ಲಿ ಅದನ್ನು ಓದುವವರು ಯಾರಿದ್ದರು? ಕೈಚಳಕ ತೋರಿಸುವ ಆಸೆ ಇದ್ದಿರಬೇಕು.

ಅದೇ ವಾಯವ್ಯ ಗಡಿಯ ಶಾಹಬಾಜ್‌ಗಢಿಯ ಅಶೋಕ ಶಾಸನದಲ್ಲಿ 'ಲಿಪಿ' ಎಂಬ ಈ ಪದ 'ದಿಪಿ' ಎಂದಿದೆ. ಹಳೆಯ ಪರ್ಷಿಯನ್ನಿನಲ್ಲೂ 'ದಿಪಿ'ಯೇ. ಇನ್ನೂ ಹಿಂದಕ್ಕೆ ಹೋದರೆ ಅಕ್ಕಾಡಿಯನ್ನಿನ 'ತುಪ್ಪು', ಅದರಾಚೆಗೆ ಸುಮೇರಿಯನ್ನರ 'ದುಬ್' ಸಿಗುತ್ತವೆ. ದುಬ್ ಎಂದರೆ ಮಣ್ಣಿನ ಹಲಗೆ. 'ದಿ' ಹೋಗಿ 'ಲಿ' ಬಂದದ್ದು 'ಬಳಿ' ಎಂಬರ್ಥದ 'ಲಿಪ್' ಧಾತುವಿನ ಸೆಳೆತದಿಂದ ಎಂದು ಹಲವು ವಿದ್ವಾಂಸರ ಊಹೆ. 'ಲೇಪ' ಹುಟ್ಟಿದ್ದೂ ಆ ಧಾತುವಿನಿಂದಲೇ. ಪಾಣಿನಿಗೆ 'ಲಿಪಿ', 'ಲಿಬಿ' ಎರಡೂ ಗೊತ್ತಿದ್ದವು. ಒಟ್ಟಿನಲ್ಲಿ ಪದದ ಬೇರು ಬರೆಯುವ ಸಾಮಗ್ರಿಯಲ್ಲಿದೆ, ಮಾತಿನಲ್ಲಲ್ಲ.

ಎಡವುವ ಜಾಗ

ಬ್ರಹ್ಮಗಿರಿಯ ಬಂಡೆಯಿಂದ ಹಲ್ಮಿಡಿಯ ಕಲ್ಲಿಗೆ ಬನ್ನಿ. ಊರು ಚಿಕ್ಕಮಗಳೂರಿಗೆ ಹತ್ತಿರದ ಬೇಲೂರು ತಾಲ್ಲೂಕಿನದು. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದಾದ ಇದು ಸುಮಾರು ಕ್ರಿ.ಶ. 450ರದೆಂದು ಎಣಿಕೆ. ಎರಡರ ನಡುವೆ ಸುಮಾರು 700 ವರ್ಷ. ಆ ಅವಧಿಯುದ್ದಕ್ಕೂ ಈ ನಾಡಿನಲ್ಲಿ ಬರಹವಿತ್ತು, ಆದರೆ ಬಹುಪಾಲು ಪ್ರಾಕೃತ, ಸಂಸ್ಕೃತಕ್ಕೆ. ಹಾಗಾದರೆ ಅಲ್ಲಿಯತನಕ ಜನ ಆಡುತ್ತಿದ್ದ ಕನ್ನಡ ಭಾಷೆಯಾಗಿರಲಿಲ್ಲವೇ? ತುಳುವಿಗೆ ಒಡ್ಡುವ ಪರೀಕ್ಷೆಯಲ್ಲಿ ಕನ್ನಡವೂ ಫೇಲು!

ಇನ್ನೂ ಒಂದು ಸ್ವಾರಸ್ಯ. 'ತುಳು ಲಿಪಿ' ಎಂದೂ ಕರೆಯುವ ತಿಗಳಾರಿ ಕರಾವಳಿ, ಮಲೆನಾಡಿನ ಓಲೆಗರಿಗಳಲ್ಲಿ ತುಂಬಾ ಇದೆ. ಅವುಗಳಲ್ಲಿ ಬಹುಪಾಲು ಸಂಸ್ಕೃತ ಗ್ರಂಥಗಳು! ತುಳುವಿನ ಅಚ್ಚುಪುಸ್ತಕಗಳಾದರೋ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದ ಕಾಲದಿಂದ ಕನ್ನಡ ಅಕ್ಷರದಲ್ಲಿವೆ. ತೋಟದ ಕಣದಲ್ಲಿ ಒಂದೇ ಗೋಣಿಗೆ ಈ ಸಲ ಪಾರ್ಚ್‌ಮೆಂಟ್ ತುಂಬುತ್ತಾರೆ, ಮುಂದಿನ ಸಲ ಚೆರ್ರಿ. ಗೋಣಿ ನೋಡಿ ಒಳಗಿನ ಕಾಫಿ ಹೇಳಲಾಗದು, ಲಿಪಿ ನೋಡಿ ಭಾಷೆಯನ್ನೂ ಹೇಳಲಾಗದು.

ಹಾಗೆಂದು ಯಾವ ಲಿಪಿಯಾದರೂ ಯಾವ ಭಾಷೆಗೂ ಪೂರ್ತಿ ಒಗ್ಗುತ್ತದೆ ಎಂದಲ್ಲ. ತುಳುವಿನಲ್ಲಿ 'ಎಲ್ಲೆ ಬರ್ಪೆ' ಎಂದು ಕನ್ನಡ ಅಕ್ಷರದಲ್ಲಿ ಚೀಟಿ ಬರೆದು ತೋಟದ ರೈಟರಿಗೆ ಕಳಿಸಿದರು ಅನ್ನಿ. ನಾಳೆ ಬರುವವರು ಯಾರು? 'ನಾನು ಬರುತ್ತೇನೆ' ಎಂದೂ ಓದಬಹುದು, 'ಅವನು ಬರುತ್ತಾನೆ' ಎಂದೂ ಓದಬಹುದು. ಬಾಯಲ್ಲಿ ಹೇಳಿದರೆ ಗೊಂದಲವೇ ಇಲ್ಲ: 'ನಾನು' ಎನ್ನುವಾಗ ಕೊನೆಯ ಸ್ವರ ಬಾಯಗಲಿಸಿ 'ಬ್ಯಾಂಕ್' ಪದದ ಸ್ವರದ ಹತ್ತಿರ ಹೋಗುತ್ತದೆ, 'ಅವನು' ಎನ್ನುವಾಗ ಸಾದಾ 'ಎ'. ಆ ಅಗಲ ಸ್ವರಕ್ಕೆ ನಮ್ಮಲ್ಲಿ ಬೇರೆ ಅಕ್ಷರವಿಲ್ಲ. ತಮಿಳಿನ 'ಪಳನಿ'ಗೂ ಇದೇ ಗತಿ. ಅದರ ನಡುವಿನ ದನಿ ನಮ್ಮ 'ಳ' ಅಲ್ಲ, ಹಳಗನ್ನಡದ 'ೞ'ದ ಒಡಹುಟ್ಟು. ಆ ಅಕ್ಷರ ಒಂದು ಕಾಲಕ್ಕೆ ನಮ್ಮಲ್ಲೂ ಇತ್ತು, ನಾವೇ ಕೈಬಿಟ್ಟೆವು. ಇಂಥ ಕಡೆ ಕೊರತೆ ಲಿಪಿಯದು. ಭಾಷೆಯ ತಲೆಗೆ ಕಟ್ಟಬಾರದು.

ಸಂವಿಧಾನಕ್ಕೂ ಈ ಭೇದ ಗೊತ್ತು. 343ನೇ ವಿಧಿ ಹಿಂದಿಯನ್ನೂ ದೇವನಾಗರಿಯನ್ನೂ ಬೇರೆಬೇರೆಯಾಗಿ ಹೆಸರಿಸುತ್ತದೆ. ಕನ್ನಡ, ರೋಮನ್, ದೇವನಾಗರಿ ಹೀಗೆ ಹಲವು ಲಿಪಿಗಳಲ್ಲಿ ಬರೆಸಿಕೊಳ್ಳುವ ಕೊಂಕಣಿ 1992ರಲ್ಲಿ ಎಂಟನೇ ಪರಿಚ್ಛೇದ ಸೇರಿತು. ಸ್ವಂತ ಲಿಪಿ ತೋರಿಸಿ ಎಂದು ಆ ಪರಿಚ್ಛೇದ ಕೇಳುವುದಿಲ್ಲ.

ಮುಂದೆ

ಸಾರಾಂಶ ಒಂದು ಸಾಲಿನದು: ಭಾಷೆ ಮೊದಲು, ಲಿಪಿ ಆಮೇಲೆ. ಉಳಿದದ್ದು ಕೆಲಸ. ತುಳು-ತಿಗಳಾರಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ ಸೇರಿದೆ. ಓಲೆಗರಿಗಳನ್ನು ಕಂಪ್ಯೂಟರಿಗೆ ಇಳಿಸಲು ಈಗ ಓದಬಲ್ಲ ಕಣ್ಣುಗಳು ಬೇಕು. ಕಳಸದ ಸುತ್ತಿನ ಶಾಸನಗಳ ಪಾಠ 'ಎಪಿಗ್ರಾಫಿಯಾ ಕರ್ನಾಟಿಕಾ'ದ 6ನೇ ಸಂಪುಟದಲ್ಲಿದೆ. ಪುಸ್ತಕ ಹಿಡಿದು ಕಲ್ಲಿನ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿ, ಹಳಗನ್ನಡ ತಾನಾಗಿ ಹತ್ತಿರವಾಗುತ್ತದೆ. ಅದಕ್ಕಿಂತ ತುರ್ತಿನದು ತೋಟದ ಕೆಲಸಗಾರರ ಲೈನ್ ಮನೆಗಳ ಮಾತು. ಅಲ್ಲಿಯ ಅಜ್ಜಿಯಂದಿರು ಹೇಳುವ ಪಾಡ್ದನ (ತುಳುವಿನ ಹಾಡುಗತೆ), ಕತೆ, ಗಾದೆಗಳನ್ನು ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಹಿಡಿದಿಡಿ. ಯಾವ ಅಕ್ಷರದಲ್ಲಿ ಬರೆಯಬೇಕೆಂಬ ಜಗಳ ಆಮೇಲೆ ಆಡಬಹುದು.