ಕೌದಿಯಲ್ಲಿ ತಪ್ಪು ಹೊಲಿಗೆ ಬಿದ್ದರೆ

ಸಂಸೆಯ ಮಳೆಗಾಲಕ್ಕೆ ಒಂದು ಕಂಬಳಿ ಎಲ್ಲಿ ಸಾಕು? ಉಮ್ಮನ ಹಳೆ ಸೀರೆ, ಉಪ್ಪನ ಲುಂಗಿ, ಮಕ್ಕಳ ಅಂಗಿ ಸೇರಿಸಿ ಕೌದಿ ಹೊಲಿಯುವಾಗ ನಮ್ಮಲ್ಲಿ ಅನೇಕರಿಗೆ ಆಗುವ ಫಜೀತಿ ಒಂದೇ: ಅಡಿಯ ಬಟ್ಟೆ ಮಡಚಿಕೊಂಡು ಹೊಲಿಗೆಗೆ ಸಿಕ್ಕಿಬಿಡುತ್ತದೆ. ಸಿಟ್ಟಿನಲ್ಲಿ ನೂಲು ಎಳೆದರೆ ಕೆಟ್ಟಿತು. ಸವೆದ ಸೀರೆ ಹರಿದರೆ ಅಂಥದ್ದೇ ಇನ್ನೊಂದು ಅಂಗಡಿಯಲ್ಲಿ ಸಿಗುವುದಿಲ್ಲ.

ಹಿಂಬದಿಯಲ್ಲಿ ಮೂರ್ನಾಲ್ಕು ಹೊಲಿಗೆಗೊಂದರಂತೆ ನೂಲು ಕತ್ತರಿಸಿ, ತುಂಡುಗಳನ್ನು ಸೂಜಿ ಮೊನೆಯಿಂದ ಮೆಲ್ಲಗೆ ಎತ್ತಿ ತೆಗೆಯಿರಿ. ಮಡಿಕೆ ಬಿಡಿಸಿ, ಕೈಯಿಂದ ನೀವಿ, ಪಿನ್ನು ಹಾಕಿ ಮತ್ತೆ ಹೊಲಿಯಿರಿ. ಸೂಜಿ ತೂತು ಕಂಡರೆ ನೀರು ಚಿಮುಕಿಸಿ ಉಗುರಿನಿಂದ ಉಜ್ಜಿ. ಹತ್ತಿಯ ಎಳೆಗಳು ಬಹುಮಟ್ಟಿಗೆ ಕೂಡಿಕೊಳ್ಳುತ್ತವೆ.

ಬಟ್ಟೆ ಹರಿದೇಹೋಯಿತೇ? ಉತ್ತರ ಕನ್ನಡದ ಹಳಿಯಾಳ, ಮುಂಡಗೋಡ, ಯಲ್ಲಾಪುರದ ಸಿದ್ದಿ ಮಹಿಳೆಯರ ಕೌದಿ ನೋಡಿ. ಅವರಲ್ಲಿ ಮುಸ್ಲಿಮರೂ ಇದ್ದಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುವ ಆ ಹೊಲಿಗೆಯಲ್ಲಿ ತುಂಡಿನ ಮೇಲೆ ತುಂಡು ಕೂರಿಸುವುದೂ ಉಂಟು. ಅಲ್ಲಿ ತೇಪೆ ಅಂದರೆ ನಾಚಿಕೆಯಲ್ಲ, ಅಂದ. ನಮಗೂ ಅದೇ ದಾರಿ: ಹರಿದ ಜಾಗಕ್ಕಿಂತ ಎರಡು ಬೆರಳು ಅಗಲದ ತುಂಡು ಇಟ್ಟು, ಅಂಚು ಒಳಮಡಚಿ ಹೊಲಿದರಾಯಿತು. ಉಮ್ಮನ ಸೀರೆಯೂ ಉಳಿಯಿತು, ಚಳಿಗೂ ಆಯಿತು.