ಬಾಲ ಎಣಿಸಿದರೆ ಹೊಳೆಯ ಕಥೆ ತಿಳಿಯುತ್ತೆ!

ಎಂ.ಎಸ್ಸಿ. ಓದಲು ಇಂಗ್ಲೆಂಡಿನ ರೆಡಿಂಗ್‌ಗೆ ಬಂದ ಮೇಲೆ ನಾನು ಕಲಿತ ಬಹಳ ಉಪಯೋಗದ ವಿದ್ಯೆ ತರಗತಿಯಲ್ಲಿ ಸಿಕ್ಕಿದ್ದಲ್ಲ, ಮೊಣಕಾಲುದ್ದದ ನೀರಿನಲ್ಲಿ ಸಿಕ್ಕಿದ್ದು. ಇದೇ ಊರಲ್ಲಿ ಥೇಮ್ಸ್ ಸೇರುವ ಕೆನೆಟ್ ನದಿ ಟ್ರೌಟ್ ಮೀನಿಗೆ ಹೆಸರುವಾಸಿ. ಟ್ರೌಟ್‌ಗೆ ನೀರಿನ ಹುಳುಗಳೆಂದರೆ ಇಷ್ಟ. ಹಾಗಾಗಿ ಗಾಳ ಹಾಕುವವರಿಗೆ ಹುಳುಗಳ ಜಾತಕವೇ ಗೊತ್ತು. ಅವರೇ ತಿಂಗಳಿಗೊಮ್ಮೆ ನದಿಗಿಳಿದು ಹುಳು ಎಣಿಸುತ್ತಾರೆ. ಸಂಬಳವಿಲ್ಲ, ಪದವಿಯೂ ಬೇಕಿಲ್ಲ. ನಾನೂ ಸೇರಿಕೊಂಡೆ.

ಹರಿವಿಗೆ ಎದುರಾಗಿ ಬಲೆ ಹಿಡಿದು, ಅದರ ಮುಂದಿನ ಕಲ್ಲು–ಮರಳನ್ನು 3 ನಿಮಿಷ ಕಾಲಿನಿಂದ ಕದಡಬೇಕು. ಬಲೆಗೆ ಬಿದ್ದದ್ದನ್ನು ಬಿಳಿ ಟ್ರೇಗೆ ಸುರಿದರೆ ಮೊದಲು ಬರೀ ಕಸ. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ಕಸವೇ ನಡೆದಾಡತೊಡಗುತ್ತದೆ!

ಗುರುತಿಸುವುದು ಕಷ್ಟವಲ್ಲ. ಸಾಮಾನ್ಯವಾಗಿ ಮೂರು ಬಾಲ, ಹೊಟ್ಟೆಯ ಪಕ್ಕದಲ್ಲಿ ಅಲುಗಾಡುವ ಕಿವಿರು ಇದ್ದರೆ ಮೇಫ್ಲೈ ಮರಿ. ಎರಡೇ ಬಾಲ, ಪ್ರತಿ ಕಾಲಿನ ತುದಿಯಲ್ಲಿ ಎರಡು ಉಗುರು ಇದ್ದರೆ ಸ್ಟೋನ್‌ಫ್ಲೈ. ಮೇಫ್ಲೈಗೆ ಕೆಲವೊಮ್ಮೆ ಎರಡೇ ಬಾಲ ಇರುವುದುಂಟು, ಆದರೆ ಉಗುರು ಕಾಲಿಗೆ ಒಂದೇ. ಮರಳು, ಕಡ್ಡಿ ಅಂಟಿಸಿ ಮನೆ ಕಟ್ಟಿಕೊಂಡು ತಿರುಗುವುದು ಕ್ಯಾಡಿಸ್. ರೆಕ್ಕೆ ಬಂದ ಮೇಲೂ ಗುರುತು ಸುಲಭ: ಕೂತಾಗ ಮೇಫ್ಲೈ ರೆಕ್ಕೆಯನ್ನು ನೆಟ್ಟಗೆ ಮೇಲೆತ್ತುತ್ತದೆ, ಸ್ಟೋನ್‌ಫ್ಲೈ ಬೆನ್ನ ಮೇಲೆ ಚಪ್ಪಟೆಯಾಗಿ ಮಡಚುತ್ತದೆ, ಕ್ಯಾಡಿಸ್ ಮನೆಯ ಮಾಡಿನಂತೆ ಇಳಿಬಿಡುತ್ತದೆ. ರೆಕ್ಕೆ ಬಂದ ಮೇಫ್ಲೈ ಏನನ್ನೂ ತಿನ್ನದು. ಹೆಚ್ಚೆಂದರೆ ಕೆಲವೇ ದಿನಗಳ ಬದುಕು.

ಒಟ್ಟು ಎಂಟು ಗುಂಪುಗಳನ್ನು ಎಣಿಸುತ್ತೇವೆ. ಒಂದು ಗುಂಪಿನಲ್ಲಿ 1ರಿಂದ 9 ಸಿಕ್ಕರೆ 1 ಅಂಕ, 10ರಿಂದ 99ಕ್ಕೆ 2, ಹೀಗೆ. ಒಟ್ಟು ಅಂಕ ಆ ಜಾಗಕ್ಕೆ ನಿಗದಿಯಾದ ಮಟ್ಟಕ್ಕಿಂತ ಕೆಳಗಿಳಿದರೆ ಪರಿಸರ ಇಲಾಖೆಗೆ ಫೋನ್ ಹೋಗುತ್ತದೆ.

ಈ ಲೆಕ್ಕದಿಂದ ಏನಾದೀತು ಎನ್ನುವವರಿಗೆ ಇದೇ ನದಿಯಲ್ಲಿ ಉತ್ತರವಿದೆ. 2013ರ ಜುಲೈನಲ್ಲಿ ಮಾರ್ಲ್‌ಬರೋ ಪಟ್ಟಣದ ಬಳಿ ಟ್ರೇಗೆ ಬರಬೇಕಿದ್ದ ಹುಳು, ಸಿಹಿನೀರಿನ ಸಿಗಡಿಗಳು ಬರಲೇ ಇಲ್ಲ. ಸ್ವಯಂಸೇವಕರು ಸುದ್ದಿ ಮುಟ್ಟಿಸಿದರು. ತನಿಖೆಯಲ್ಲಿ ಸಿಕ್ಕಿದ್ದು ಕ್ಲೋರ್‌ಪೈರಿಫಾಸ್ ಕೀಟನಾಶಕ. ಚರಂಡಿ ನೀರಿನ ಜೊತೆ ಸೇರಿದ್ದು ಬರೀ ಎರಡು ಚಮಚದಷ್ಟಿರಬಹುದೆಂದು ಅಂದಾಜು, ಹಾನಿಯಾದದ್ದು ಸುಮಾರು 15 ಕಿಲೋಮೀಟರ್ ನದಿಗೆ.

ಆ ಹೆಸರು ಕೇಳಿ ನಾನು ಬೆಚ್ಚಿದೆ. ನಮ್ಮೂರಿನ ಗೊಬ್ಬರದಂಗಡಿಯಲ್ಲಿ ಗೆದ್ದಲಿಗೆಂದು ಕೊಡುವ ಔಷಧಿ ಅದೇ. ತೋಟದ ಕೆಳಗೇ ಹಳ್ಳ. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್ ಮೂರೂ ನಮ್ಮ ಮಲೆನಾಡಿನ ಹಳ್ಳಗಳಲ್ಲೂ ಇವೆ. ಆದರೆ ಹೋದ ತಿಂಗಳು ಎಷ್ಟಿದ್ದವು ಎಂದು ನಮ್ಮೂರಲ್ಲಿ ಯಾರೂ ಬರೆದಿಟ್ಟಿಲ್ಲ. ಇದ್ದದ್ದರ ಲೆಕ್ಕವೇ ಇಲ್ಲದಿದ್ದರೆ, ಹೋದದ್ದು ಗೊತ್ತಾಗುವುದಾದರೂ ಹೇಗೆ?

ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿರುವ ಗೆಳೆಯರೇ, ರಜೆಯಲ್ಲಿ ಊರಿಗೆ ಹೋದಾಗ ಹಳ್ಳದ ಒಂದು ಕಲ್ಲನ್ನು ಮೆಲ್ಲಗೆ ಮಗುಚಿ ನೋಡಿ. ಬಾಲ ಎಣಿಸಿ, ತಾರೀಖು ಹಾಕಿ ಬರೆದಿಡಿ, ಕಲ್ಲನ್ನು ಇದ್ದಂತೆಯೇ ಇಡಿ. ಬೇಕಾದದ್ದು ಒಂದು ಬಿಳಿ ತಟ್ಟೆ, ಒಂದು ನೋಟ್‌ಬುಕ್. ಮುಂದಿನ ತಿಂಗಳು ಮತ್ತೆ ಅದೇ ಜಾಗಕ್ಕೆ ಹೋಗಿ.