ದೀಪವಿಲ್ಲದ ಊರು

ಡಿಸೆಂಬರಿನಲ್ಲಿ ರಾಸೇ ದ್ವೀಪಕ್ಕೆ ಹೋಗುತ್ತೇನೆಂದಾಗ ಗ್ಲಾಸ್ಗೋದಲ್ಲಿ ಓದುತ್ತಿರುವ ನನ್ನ ಅಣ್ಣನ ಮಗಳು ನಕ್ಕುಬಿಟ್ಟಳು. “ಅಲ್ಲಿ ಈಗ ಏನಿದೆ ಚಿಕ್ಕಪ್ಪಾ? ಮಳೆ, ಗಾಳಿ, ಕತ್ತಲೆ” ಎಂದಳು. ಅವಳ ಮಾತಿನಲ್ಲಿ ಅತಿಶಯೋಕ್ತಿಯೇನೂ ಇರಲಿಲ್ಲ. ಆದರೆ ಕಾಲೇಜು ಮೇಷ್ಟರ ಜೇಬಿಗೆ ಪ್ರವಾಸಿಗಳಿಲ್ಲದ ಋತುವೇ ಹಿತ. ಮೇಲಾಗಿ, ಬಂಡೆಯೂ ಕಡಲೂ ಮಾತ್ರ ಉಳಿದ ನಿರ್ಜನ ದ್ವೀಪವನ್ನು ಅದರ ನಿಜರೂಪದಲ್ಲಿ ನೋಡಬೇಕೆಂಬ ಹಂಬಲ ನನಗಿತ್ತು. ಆ ಹಂಬಲದಲ್ಲಿಯೇ ಒಂದು ತಪ್ಪು ಅಡಗಿತ್ತೆಂಬುದು ಅಲ್ಲಿಗೆ ಹೋದಮೇಲೆ ತಿಳಿಯಿತು.

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಸ್ಕೈ ಎಂಬ ದೊಡ್ಡ ದ್ವೀಪದ ಮಗ್ಗುಲಲ್ಲಿ ರಾಸೇ ಉದ್ದಕ್ಕೆ ಮಲಗಿದೆ. ಉದ್ದ ಸುಮಾರು 14 ಮೈಲಿ. ಜನ ಇನ್ನೂರಕ್ಕೂ ಕಡಿಮೆ. ಸ್ಕೈಯ ಸ್ಕಾನ್ಸರ್ ಕಟ್ಟೆಯಿಂದ ದೋಣಿ ಹಿಡಿದರೆ ಅರ್ಧ ಗಂಟೆಯೂ ಬೇಡ. ನಾನು ದಾಟಿದ ಹಡಗಿನ ಹೆಸರು ‘ಹ್ಯಾಲೆಗ್’. ಡೀಸೆಲಿನಿಂದಲೂ ಬ್ಯಾಟರಿಯಿಂದಲೂ ನಡೆಯುವ ಈ ನವೀನ ನೌಕೆ 2013ರಲ್ಲಿ ಕೆಲಸಕ್ಕೆ ಇಳಿಯಿತು. ಅದರ ಹೆಸರು ಒಂದು ಕವಿತೆಯಿಂದ ಬಂದದ್ದು. ಕವಿತೆಯ ಹೆಸರು ಒಂದು ಹಳ್ಳಿಯಿಂದ ಬಂದದ್ದು. ಆ ಹಳ್ಳಿಯಲ್ಲಿ ಈಗ ಒಬ್ಬ ನರಪ್ರಾಣಿಯೂ ಇಲ್ಲ.

ಕವಿ ಸೋರ್ಲಿ ಮೆಕ್ಲೇನ್. 1911ರಲ್ಲಿ ಈ ದ್ವೀಪದಲ್ಲಿಯೇ ಹುಟ್ಟಿ, 1996ರಲ್ಲಿ ತೀರಿಕೊಂಡವನು. ಎಡಿನ್‌ಬರೋದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಶಾಲಾ ಉಪಾಧ್ಯಾಯನಾಗಿ ದುಡಿದು, ಕವಿತೆಯನ್ನು ಮಾತ್ರ ತನ್ನ ತಾಯಿನುಡಿಯಾದ ಗೇಲಿಕ್‌ನಲ್ಲಿ ಬರೆದ. ‘ಹ್ಯಾಲೆಗ್’ ಮೊದಲು ಅಚ್ಚಾದದ್ದು 1954ರಲ್ಲಿ. ಅವನೇ ಮಾಡಿದ ಇಂಗ್ಲಿಷ್ ಅನುವಾದವನ್ನು ನಾನು ಎಂ.ಎ. ಓದುವ ಕಾಲದಲ್ಲಿ ಕಂಡಿದ್ದೆ. ಅದರಲ್ಲಿ ಊರಿನ ಸತ್ತವರು ಮರಗಳಾಗಿ ನಿಂತಿರುತ್ತಾರೆ. ಹುಡುಗಿಯರೆಲ್ಲ ಭೂರ್ಜವೃಕ್ಷಗಳಾಗಿ ಸಾಲುಗಟ್ಟಿ ನಡೆಯುತ್ತಾರೆ. ಸೊಗಸಾದ ಕಲ್ಪನೆಯೆಂದು ಅಂದು ತಲೆದೂಗಿದ್ದೆ.

ಮರುದಿನ ಬೆಳಗ್ಗೆ, ಬೆಳಗ್ಗೆಯೆಂದರೆ ಒಂಬತ್ತರ ಮೇಲೆ ಸೂರ್ಯ ಕಣ್ಣು ಬಿಟ್ಟಮೇಲೆ, ಹ್ಯಾಲೆಗ್ಗಿನ ದಾರಿ ಹಿಡಿದೆ. ಫರ್ನ್ಸ್ ಎಂಬಲ್ಲಿಂದ ಮುಂದಕ್ಕೆ ಬಂಡಿಯ ಜಾಡಿನಂಥ ಹಳೆಯ ಹಾದಿ. ಬಲಕ್ಕೆ ಕೆಳಗೆ ಸೀಸದ ಬಣ್ಣದ ಕಡಲು, ಎಡಕ್ಕೆ ಪ್ರಪಾತ. ದಾರಿಯಲ್ಲಿ ಕಲ್ಲು ಪೇರಿಸಿದ ಒಂದು ಸ್ಮಾರಕದ ಮೇಲೆ ಆ ಕವಿತೆಯನ್ನು ಎರಡೂ ಭಾಷೆಗಳಲ್ಲಿ ಕೆತ್ತಿದ್ದಾರೆ. ಓದುತ್ತಾ ನಿಲ್ಲಲು ಗಾಳಿ ಬಿಡಲಿಲ್ಲ. ಕೊನೆಗೆ ಬಂದವು ಭೂರ್ಜಗಳು: ಎಲೆ ಕಳಚಿದ, ಮಳೆಯಲ್ಲಿ ನೆನೆದು ನೇರಳೆಗೆ ತಿರುಗಿದ ಬಡಕಲು ಮರಗಳು. ಅವುಗಳ ಆಚೆ ಮೊಣಕಾಲೆತ್ತರದ ಗೋಡೆಗಳು, ಒಂದೆರಡಲ್ಲ, ಇಳಿಜಾರಿನ ತುಂಬ. ಬೇಸಿಗೆಯಲ್ಲಿ ಬಂದಿದ್ದರೆ ಆಳೆತ್ತರದ ಜರೀಗಿಡಗಳು ಇವನ್ನು ಮುಚ್ಚಿರುತ್ತಿದ್ದವು. ಚಳಿಗಾಲ ಎಲ್ಲವನ್ನೂ ಬೋಳಿಸಿ ತೋರಿಸಿತು. ಬಾಗಿಲಿದ್ದ ಜಾಗ, ಕೊಟ್ಟಿಗೆಯಿದ್ದ ಜಾಗ, ಹೊಲದ ಏರಿಗಳ ಗುರುತು. ಎರಡು ಗಂಟೆಗೆಲ್ಲ ಡನ್ ಕಾನ್ ಬೆಟ್ಟದ ನೆರಳು ಊರನ್ನು ನುಂಗಿತು.

1773ರಲ್ಲಿ ಡಾಕ್ಟರ್ ಜಾನ್ಸನ್ನನ ಜೊತೆಗೆ ಬಂದಿದ್ದ ಬಾಸ್‌ವೆಲ್ ಮಹಾಶಯ ಇದೇ ಬೆಟ್ಟದ ನೆತ್ತಿಯ ಮೇಲೆ ಕುಣಿದನಂತೆ. ಆಗ ದ್ವೀಪ ತುಂಬಿತ್ತು. 1843ರಲ್ಲಿ ಜಾರ್ಜ್ ರೇನಿ ಎಂಬಾತ ಅದನ್ನು ಕೊಂಡುಕೊಂಡ. ಡೆಮೆರಾರಾದಲ್ಲಿ, ಗುಲಾಮರ ದುಡಿಮೆಯ ಕಾಲದಲ್ಲಿ, ಹಣ ಗಳಿಸಿದ್ದವನು. 1850ರ ದಶಕದಲ್ಲಿ ಹಳ್ಳಿ ಹಳ್ಳಿಗಳನ್ನೇ ತೆರವು ಮಾಡಿಸಿ ಕುರಿ ಬಿಟ್ಟ. ಬಹುಮಂದಿ ಆಸ್ಟ್ರೇಲಿಯಕ್ಕೆ ಹಡಗು ಹತ್ತಿದರು. ಜನ ಹೆಚ್ಚಬಾರದೆಂದು ಮದುವೆಯನ್ನೇ ನಿಷೇಧಿಸಿದ್ದನೆಂದು 1883ರಲ್ಲಿ ನೇಪಿಯರ್ ಆಯೋಗದ ಮುಂದೆ ದ್ವೀಪದವರು ಸಾಕ್ಷ್ಯ ನುಡಿದರು. ಕವಿತೆಯ ಹುಡುಗಿಯರು ಏಕೆ ಮರಗಳಾದರೆಂದು ನನಗೆ ಆ ಇಳಿಜಾರಿನಲ್ಲಿ ಹೊಳೆಯಿತು. ನಾನು ಅರಸಿ ಬಂದಿದ್ದ ನಿರ್ಜನತೆ ಪ್ರಕೃತಿಯದಾಗಿರಲಿಲ್ಲ. ಅದು ಒಬ್ಬ ಜಮೀನುದಾರನ ಲೆಕ್ಕದ ಪುಸ್ತಕದಲ್ಲಿ ಹುಟ್ಟಿದ್ದು.

ನಮ್ಮ ಕಂದಾಯದ ಕಡತಗಳಲ್ಲಿ ಜನವಿಲ್ಲದ ಹಳ್ಳಿಗೆ ‘ಬೇಚರಾಕ್’ ಎನ್ನುತ್ತಾರೆ. ಪಾರಸಿಯಿಂದ ಬಂದ ಮಾತು, ದೀಪವಿಲ್ಲದ್ದು ಎಂದರ್ಥ. ಗುಮಾಸ್ತರ ಬಾಯಲ್ಲಿ ಸವೆದುಹೋದ ಆ ಶಬ್ದದ ಕತ್ತಲೆ ನನಗೆ ಕಂಡದ್ದು, ಹ್ಯಾಲೆಗ್ಗಿನಿಂದ ಟಾರ್ಚು ಹಿಡಿದು ಹಿಂದಿರುಗುವಾಗ.

ಮೂರನೆಯ ದಿನ ಬಿರುಗಾಳಿ, ದೋಣಿ ನಿಂತಿತು. ನಾನು ಇಳಿದುಕೊಂಡಿದ್ದ ಮನೆಯ ಯಜಮಾನಿ, ಅರವತ್ತು ದಾಟಿದವರು, ಒಲೆಗೆ ಸೌದೆ ಒಟ್ಟಿ ಎದುರಿಗೆ ಕುಳಿತರು. “ಅಜ್ಜಿಗೆ ಗೇಲಿಕ್ ಬಿಟ್ಟರೆ ಬೇರೆ ಮಾತು ಹಿತವಾಗುತ್ತಿರಲಿಲ್ಲ. ಅಮ್ಮ ನಮ್ಮೊಡನೆ ಇಂಗ್ಲಿಷೇ ಆಡಿದಳು, ನಮ್ಮ ಒಳ್ಳೆಯದಕ್ಕೆಂದು. ನನಗೆ ಹಾಡುಗಳು ಬರುತ್ತವೆ, ಬೈಗಳೂ ಬರುತ್ತವೆ” ಎಂದರು. 1872ರ ಶಿಕ್ಷಣ ಶಾಸನ ಗೇಲಿಕ್ಕಿಗೆ ಶಾಲೆಯಲ್ಲಿ ಜಾಗವನ್ನೇ ಇಡಲಿಲ್ಲ. ಅದೇ ಭಾಷೆಯಲ್ಲಿ ಪಾಠ ಹೇಳುವ ತರಗತಿಗಳು ಆರಂಭವಾದದ್ದು 1985ರಲ್ಲಿ. ಮಧ್ಯೆ ಕಳೆದದ್ದು ನೂರ ಹದಿಮೂರು ವರ್ಷ.

“ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳು?” ಎಂದು ಕೇಳಿದರು. ಐಚ್ಛಿಕ ಕನ್ನಡಕ್ಕೆ ಈ ವರ್ಷ ಏಳು ಮಂದಿ ಎಂದೆ, ಸಂಕೋಚದಿಂದ. “ಏಳೇ!” ಎಂದರು. ಅವರ ಸ್ವರದಲ್ಲಿ ಇದ್ದದ್ದು ಸಂತೋಷ. ನಾಲ್ಕು ಕೋಟಿ ಜನ ಮೀರಿದ ಭಾಷೆಯ ಮೇಷ್ಟರು ನಾನು ಎಂದು ತಿದ್ದಿ ಹೇಳಲು ನಾಲಗೆ ಏಳಲಿಲ್ಲ.

ಹೊರಡುವ ಹಿಂದಿನ ಮಧ್ಯಾಹ್ನ ಅವರೇ ಕಾರಿನಲ್ಲಿ ಉತ್ತರದ ತುದಿಗೆ ಕರೆದೊಯ್ದರು. ಬ್ರಾಕೆಲ್ಲಿನ ಪಾಳು ಕೋಟೆಯ ಬಳಿಯಿಂದ ಆರ್ನಿಷ್‌ವರೆಗೆ ಒಂದೂ ಮುಕ್ಕಾಲು ಮೈಲಿ ರಸ್ತೆ. ಅಧಿಕಾರಿಗಳು ರಸ್ತೆ ಮಾಡಿಕೊಡದಿದ್ದಾಗ ಕ್ಯಾಲಮ್ ಮೆಕ್ಲೌಡ್ ಎಂಬ ಒಕ್ಕಲಿಗ, 1960ರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ, ಗುದ್ದಲಿ, ಸನಿಕೆ, ಒಂಟಿ ಚಕ್ರದ ಕೈಗಾಡಿ ಹಿಡಿದು ಇದನ್ನು ಕಡಿದ. ಬಂಡೆ ಸಿಡಿಸಲು ಮಾತ್ರ ಸರ್ಕಾರ ನೆರವಾಯಿತು. ಅವನ ಗುರು ಅರ್ಧ ಕ್ರೌನಿಗೆ ಕೊಂಡ, ರಸ್ತೆ ಕಟ್ಟುವ ವಿಧಾನದ ಒಂದು ಹಳೆಯ ಪುಸ್ತಕ. ಮಕ್ಕಳಿರುವ ಸಂಸಾರಗಳು ರಸ್ತೆಯಿದ್ದರೆ ಉಳಿದಾವೆಂಬುದು ಆಸೆ. 1982ರಲ್ಲಿ ಸ್ಥಳೀಯ ಮಂಡಳಿ ಅದನ್ನು ವಹಿಸಿಕೊಂಡು ಡಾಂಬರು ಹಾಕಿಸುವ ಹೊತ್ತಿಗೆ ಆರ್ನಿಷ್‌ನಲ್ಲಿ ಉಳಿದಿದ್ದವರು ಅವನೂ ಅವನ ಹೆಂಡತಿಯೂ. 1988ರಲ್ಲಿ ಅವನು ತೀರಿಕೊಂಡ.

ನಾನು ಕಾರಿನಿಂದಿಳಿದು ಒಂದು ತಿರುವಿನವರೆಗೆ ನಡೆದೆ. ಅಂಚಿನಲ್ಲಿ ಅವನು ಹೊಂದಿಸಿಟ್ಟ ಕಲ್ಲುಗಳು ಇನ್ನೂ ಅಲುಗಿಲ್ಲ. ಮೂರೂವರೆಗೆ ಕತ್ತಲಾಗತೊಡಗಿತು. ಆಕೆ ಕಾರಿನ ದೀಪ ಹಾಕಿ, ಗಾಜು ಇಳಿಸಿ, “ಬನ್ನಿ ಮೇಷ್ಟರೇ, ಹಿಮ ಕಟ್ಟುವ ಮುಂಚೆ ಇಳಿಜಾರು ದಾಟಬೇಕು” ಎಂದು ಕೂಗಿದರು.